ಯಲಬುರ್ಗಾದ ಹುಚ್ಚು ಬಂದೂಕು

ಐದನೆಯ ಗುಂಡು ಹಾರಿತು. ಬಾವುಟ ಏಳಲಿಲ್ಲ.

ಜನ ಕಾದರು. ಬನ್ನಿ ಹಬ್ಬದ ಮರುದಿನ ಯಲಬುರ್ಗಾದ ಹೊರಗಿನ ಎರೆಹೊಲದಲ್ಲಿ ಪ್ರತಿವರ್ಷ ಚಾಂದಮಾರಿ, ಗುರಿ ಹೊಡೆಯುವ ಪಂದ್ಯ, ನಡೆಯುತ್ತಿತ್ತು. ನೂರು ಗಜದಾಚೆ ಒಂದು ಹಲಗೆ. ಹಲಗೆಯ ನಡುವೆ ಅಂಗೈಯಗಲದ ಕರಿ ಬೊಟ್ಟು. ಗುರಿಕಾರ ಐದು ಗುಂಡು ಹೊಡೆಯಬೇಕು. ಹಲಗೆಯ ಎಡಕ್ಕೆ ಎರಡು ಮಾರು ದೂರದಲ್ಲಿ ಮಣ್ಣಿನ ಗೋಡೆ. ಅದರ ಮರೆಯಲ್ಲಿ ನಿಶಾನಿ ವಿರುಪಣ್ಣ. ಗುಂಡು ಬೊಟ್ಟಿಗೆ ಬಿದ್ದರೆ ಅವನು ಕೆಂಪು ಬಾವುಟ ಎತ್ತುತ್ತಾನೆ, ತಪ್ಪಿದರೆ ಬಿಳಿ. ಆಮೇಲೆ ತೂತಿಗೆ ಅಂಟು ಹಚ್ಚಿದ ಕಾಗದದ ಚೂರು ಮೆತ್ತಿ ಮರೆಗೆ ಹೋಗುತ್ತಾನೆ. ಅಷ್ಟು ದೂರದಿಂದ ತೂತು ಯಾರ ಕಣ್ಣಿಗೂ ಕಾಣುವುದಿಲ್ಲ. ಅವನು ಎತ್ತಿದ್ದೇ ಖರೆ.

"ಮಲಗ್ಯಾನೇನೋ ಮಗ" ಎಂದು ಹಿಂದಿನಿಂದ ಯಾರೋ ನಕ್ಕರು.

ಅಮೀನ ಮಕ್ಬುಲಸಾಬ ನಗಲಿಲ್ಲ. ಆ ಜಾಗೀರಿನ ಕಾಲಕ್ಕೆ ನಮ್ಮ ಸೀಮೆಯಲ್ಲಿ ಪೊಲೀಸ್ ಠಾಣೆಯ ಸಾಹೇಬನಿಗೆ ಅಮೀನ ಅನ್ನುತ್ತಿದ್ದರು. ಫೌಜಿನಲ್ಲಿ ಬಂದೂಕು ಹಿಡಿದು ಹನ್ನೆರಡು ವರ್ಷ ಕಳೆದವನು. ಯಾರೂ ಹೇಳುವ ಮೊದಲೇ ಕುರ್ಚಿ ಬಿಟ್ಟೆದ್ದು ಹೊಲದುದ್ದಕ್ಕೂ ನಡೆದ.

ವಿರುಪಣ್ಣ ಗೋಡೆಯ ಹಿಂದೆ ಅಂಗಾತ ಬಿದ್ದಿದ್ದ. ಗುಂಡು ಕಣ್ಣಿನ ಮೇಲೆ ಹೊಕ್ಕಿತ್ತು. ಗೋಡೆಗೆ ಅಂಗೈಯಗಲದ ಒಂದು ಕಿಂಡಿ. ಗುಂಡು ಹಾರುವ ಮೊದಲಿನಿಂದಲೂ ಅದಕ್ಕೆ ಕಣ್ಣಿಟ್ಟು, ಗುರಿಕಾರ ಬಂದೂಕು ಇಳಿಸಿದ್ದು ನೋಡಿಕೊಂಡೇ ವಿರುಪಣ್ಣ ಹೊರಗೆ ಕಾಲಿಡುತ್ತಿದ್ದ. ಜೀವದ ಮೇಲೆ ಅಷ್ಟು ಎಚ್ಚರ ಇಟ್ಟವನು ಅದೇ ಕಿಂಡಿಯಿಂದ ಸತ್ತ.

ಮಕ್ಬುಲಸಾಬ ಹಲಗೆ ನೋಡಿದ. ಕರಿ ಬೊಟ್ಟಿನಲ್ಲಿ ಒಂದೂ ತೂತಿಲ್ಲ. ನಾಲ್ಕು ಹಸಿ ಕಾಗದದ ಚೂರುಗಳು ನಾಲ್ಕು ಮೂಲೆಗೆ ಚೆದುರಿದ್ದವು.

ಗುಂಡು ಹೊಡೆದಾತ, ಮುಂದುಗಡೆ ಬಿಳಿ ವಸ್ತ್ರ ಸುತ್ತಿದ್ದ ಬಂದೂಕು ಹಿಡಿದೇ ಓಡಿ ಬಂದ. ಹೆಸರು ದೇವೇಂದ್ರಪ್ಪ. ಊರಿನ ದೊಡ್ಡ ಮನೆತನದ ಕಿರಿಯ ಮಗ. ಗಂಗಾವತಿಯಲ್ಲಿದ್ದು ಮನೆಯ ಅಕ್ಕಿ ಗಿರಣಿ ನೋಡಿಕೊಳ್ಳುವವನು. ಹೆಣದ ಕಾಲಿಗೆ ಬಿದ್ದು ಅತ್ತ.

"ನಿನ್ನೆ ಸಂಜಿಕಿ ಬನ್ನಿ ಕೊಟ್ಟು ಹೋಗಿದ್ಯಲ್ಲೋ. ಬಂಗಾರದಂಗ ಇರೂಣು ಅಂದಿದ್ಯಲ್ಲೋ ವಿರುಪಣ್ಣ."

ನೆರೆದವರ ಕಣ್ಣೂ ಒದ್ದೆಯಾದವು.

"ಈ ಬಂದೂಕಿಗೆ ಹುಚ್ಚು ಹಿಡದೈತ್ರಿ ಅಮೀನಸಾಬ್ರ" ಎಂದ ದೇವೇಂದ್ರಪ್ಪ. "ಎಲ್ಲಿ ನೋಡಿ ಹೊಡದ್ರ ಎಲ್ಲಿ ಹೋಗ್ತೈತಿ."

ಬಂದೂಕಿನ ಹುಚ್ಚು ಊರಿಗೆಲ್ಲ ಗೊತ್ತಿದ್ದದ್ದೇ. ನೌಕರಿ ಮುಗಿಸಿ ತನ್ನ ದೇಶಕ್ಕೆ ಮರಳುತ್ತಿದ್ದ ಇಂಗ್ರೇಜಿ ಸಾಹೇಬನೊಬ್ಬನಿಂದ ದೇವೇಂದ್ರಪ್ಪನ ತಂದೆ ಕೊಂಡಿದ್ದ ಗುರಿ ಬಂದೂಕು ಅದು. ಯಲಬುರ್ಗಾದ ಚಾಂದಮಾರಿಯಲ್ಲಿ ಎರಡು ವರ್ಷ ಬೆಳ್ಳಿ ಬಟ್ಟಲು ಗೆದ್ದಿತ್ತು. ಮೂರನೆಯದೂ ಬಂದರೆ ಜಾಗೀರಿನ ಶಿಕಾರಖಾನೆ, ಅಂದರೆ ಬೇಟೆಯ ಖಾತೆ, ನೋಡಿಕೊಳ್ಳುವ ದಾರೋಗಾ ನೌಕರಿ ದೇವೇಂದ್ರಪ್ಪನದೇ ಎಂದು ಊರು ಮಾತಾಡುತ್ತಿತ್ತು. ಅದೇ ಬಂದೂಕು, ಅದೇ ಮನುಷ್ಯ, ಗಂಗಾವತಿಯ ಪಂದ್ಯದಲ್ಲಿ ಒಂದು ಗುಂಡನ್ನೂ ಬೊಟ್ಟಿಗೆ ಹಾಕಲಿಲ್ಲ. ಗದ್ದೆ ನಾಡಿನ ನೀರು ಬಂದೂಕಿಗೆ ಒಗ್ಗೂದಿಲ್ಲ ಎಂದು ಜನ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದರು. ಈ ಸಲ ಅದು ಒಣ ನಾಡಿನಲ್ಲೂ ಕೆಟ್ಟಿತು. ಒಬ್ಬನನ್ನು ಕೊಂದೂ ಬಿಟ್ಟಿತು.

* * *

ಹೆಣ ಸಾಗಿಸುವ ಗದ್ದಲದಲ್ಲಿ ದೇವೇಂದ್ರಪ್ಪ ಬಂದೂಕು ಹಿಡಿದೇ ಮನೆಗೆ ಹೋಗಿದ್ದ. ಮಧ್ಯಾಹ್ನ ತಾನೇ ಠಾಣೆಗೆ ತಂದೊಪ್ಪಿಸಿದ. ಜೊತೆಗೆ ಅಣ್ಣ ಕೊಟ್ರಬಸಪ್ಪ.

"ನಿಮ್ಮ ಕೈಗೆ ಕೊಟ್ಟೀನ್ರಿ. ಇನ್ನ ಅದರ ಮಾರಿ ನೋಡೂದಿಲ್ಲ" ಎಂದು ದೇವೇಂದ್ರಪ್ಪ ಬೆರಳಿನಿಂದ ಕಣ್ಣೊರೆಸಿಕೊಂಡ. ಬೆರಳ ತುದಿ ಹಳದಿಯಾಗಿತ್ತು. ರೆಪ್ಪೆಗೂ ಹಳದಿ ಹತ್ತಿತು. ಹಬ್ಬದ ಮನೆ, ಅರಿಶಿನ ಇದ್ದೇ ಇರುತ್ತದೆ ಎಂದುಕೊಂಡ ಅಮೀನ.

ಕೊಟ್ರಬಸಪ್ಪ ಸುತ್ತು ಬಳಸಲಿಲ್ಲ. "ತಿಂಗಳದ ಹಿಂದ ಗಂಗಾವತಿ ಶಬ್ಬೀರಸಾಬನ ಕಡೆ ರಿಪೇರಿ ಮಾಡಿಸೇವಿ. ಸರಿ ಐತಿ ಅಂತ ಕೊಟ್ಟಾನ. ಇದು ಸರಿ ಏನ್ರಿ? ಅವನ್ನ ಹಿಡೀರಿ."

ಸಂಜೆಯೊಳಗೆ ಕೊಪ್ಪಳದ ದೊಡ್ಡ ಸಾಹೇಬರಿಂದಲೂ ಅದೇ ಹುಕುಂ ಬಂತು. ರಿಪೇರಿಯವನ ಬೇಜವಾಬ್ದಾರಿ, ಅವನ ಮೇಲೆ ಮೊಕದ್ದಮೆ ಹಾಕಿ, ಮುಗಿಸಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಸರ್ಕಾರ ಅದು. ಮರುದಿನ ಶಬ್ಬೀರಸಾಬನನ್ನು ಗಂಗಾವತಿಯಿಂದ ತಂದು ಕೋಣೆಗೆ ಹಾಕಿದರು. ಮೊಕದ್ದಮೆ ನಿಂತರೆ ಜೇಲು, ಬಂದೂಕು ಮುಟ್ಟುವ ಪರವಾನಗಿಯೂ ರದ್ದು. ಅವನ ಹಿಂದೆಯೇ ಅವನ ತಾಯಿ ಮೆಹಬೂಬಬೀ ಬಂದಳು. "ನನ್ನ ಮಗ ಬಂದೂಕು ಛಲೋ ರಿಪೇರಿ ಮಾಡ್ಯಾನ್ರಿ, ಅವಂದೇನೂ ತಪ್ಪಿಲ್ಲ" ಎಂದು ಅಮೀನನಿಗೆ ಹೇಳಿ ಠಾಣೆಯ ಬೇವಿನ ಕಟ್ಟೆಯ ಮೇಲೆ ಕುಳಿತವಳು ಏಳಲಿಲ್ಲ.

ಮಕ್ಬುಲಸಾಬನಿಗೆ ಒಂದು ಮಾತು ಬಗೆಹರಿಯಲಿಲ್ಲ. ಹುಚ್ಚು ಬಂದೂಕು ಅಷ್ಟು ಚಿಕ್ಕ ಕಿಂಡಿಯನ್ನೇ ಯಾಕೆ ಹುಡುಕಿಕೊಂಡು ಹೋಯಿತು?

"ನಾ ಬಂದೂಕು ಪರೀಕ್ಷಾ ಮಾಡಿ ಬರ್ತೀನಿ" ಎಂದ ಜಮಾದಾರ ತಿರುಪತಿಗೆ. "ನೀ ಅಲ್ಲೀತನಕ ಅವನ್ನ ಕೇಳಿ ನೋಡು."

ಜಮಾದಾರ ಕೇಳಿ ನೋಡುವುದು ಎಂದರೆ ಏನು ಎಂಬುದು ಅಮೀನನಿಗೆ ಗೊತ್ತಿತ್ತು. ಆದರೂ ಹೇಳಿದ. ಬಾಯಿ ರೂಢಿಯಂತೆ ಆಡಿತು.

* * *

ಎರೆಹೊಲಕ್ಕೆ ಹೋಗಿ ಅವನು ಬಂದೂಕನ್ನು ಹಕೀಮ ರೋಗಿಯನ್ನು ನೋಡುವಂತೆ ನೋಡಿದ. ಗುರಿ ಕಣ್ಣಿನ ತಿರುಪು ಬಿಗಿ ಇದೆ. ಕೊಳವೆಯ ಒಳಗೆ ಮಸಿಯಿಲ್ಲ, ಬಾಯಿ ಎಲ್ಲೂ ಜಜ್ಜಿಲ್ಲ. ತೋಟಾಗಳು ಒಂದೇ ಪೆಟ್ಟಿಗೆಯವು. ಶಬ್ಬೀರಸಾಬ ಕೆಲಸ ಚೊಕ್ಕ ಮಾಡಿದ್ದ.

ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು ಐದು ಗುಂಡು ಹೊಡೆದ. ಹೋಗಿ ನೋಡಿದರೆ ಒಂದೂ ಬೊಟ್ಟಿಗೆ ಬಿದ್ದಿಲ್ಲ. ಆದರೆ ಐದೂ ಬಲಕ್ಕೆ, ಕೆಳಗೆ, ಒಂದು ರೊಟ್ಟಿ ಮುಚ್ಚುವಷ್ಟು ಜಾಗದಲ್ಲಿ ಒತ್ತಿ ಕುಳಿತಿದ್ದವು. ಇದಕ್ಕೆ ಹುಚ್ಚೆಲ್ಲಿದೆ ಎಂದುಕೊಂಡ. ಹುಚ್ಚ ಒಂದೇ ಮನೆಗೆ ಐದು ಸಲ ಹೋಗುವುದಿಲ್ಲ.

ಊರಿನವರ ಮಾತನ್ನೂ ಒರೆಗೆ ಹಚ್ಚಿದ. ತೇವಕ್ಕೆ ಬಂದೂಕಿನ ಕಟ್ಟಿಗೆ ಉಬ್ಬಿ ಕೊಳವೆಯನ್ನು ಒತ್ತುವುದುಂಟು. ಕಟ್ಟಿಗೆಗೆ ಹಸಿ ಬಟ್ಟೆ ಸುತ್ತಿ ನೆರಳಿಗಿಟ್ಟು, ಬಹಳ ಹೊತ್ತಿನ ಮೇಲೆ ಮತ್ತೆ ಹೊಡೆದ. ಗುಂಡು ಅಲ್ಲಿಯೇ ಬಿದ್ದವು, ಬಲಕ್ಕೆ, ಕೆಳಗೆ. ಗಂಗಾವತಿಯ ನೀರಿನದೇನೂ ತಪ್ಪಿರಲಿಲ್ಲ.

ಆಗ ಅವನ ಕಣ್ಣು ದಾರದ ಮೇಲೆ ಬಿತ್ತು. ಅಷ್ಟು ಹೊತ್ತು ನೋಡಿಯೂ ನೋಡಿರಲಿಲ್ಲ. ಖಂಡೇನವಮಿಗೆ ಆಯುಧ ಪೂಜೆ ಮಾಡುವ ಮನೆಗಳಲ್ಲಿ ಕತ್ತಿ, ಕೊಡಲಿ, ಬಂದೂಕು ಎಲ್ಲಕ್ಕೂ ದಾರ ಕಟ್ಟುತ್ತಾರೆ. ದಾರದಲ್ಲಿ ಒಂದು ಅರಿಶಿನ ಕೊಂಬು. ಈ ಬಂದೂಕಿನಲ್ಲಿ ಅದು ಕೊಳವೆಯನ್ನೂ ಕಟ್ಟಿಗೆಯನ್ನೂ ಸೇರಿಸಿ ಮುಂದುಗಡೆ ಬಿಗಿದು ಕಟ್ಟಿತ್ತು. ಕೊಂಬು ಎಡಬದಿಯಲ್ಲಿ ಎರಡರ ನಡುವೆ ಬೆಣೆಯಂತೆ ಹೊಕ್ಕಿತ್ತು. ದೇವರದ್ದೆಂದು ಯಾರೂ ಅದನ್ನು ಬಂದೂಕಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಕ್ಬುಲಸಾಬನೂ ಹಿಡಿದಿರಲಿಲ್ಲ.

ಒಂದು ಗಳಿಗೆ ಹಿಂಜರಿದ. ಆಮೇಲೆ ಬಿಸ್ಮಿಲ್ಲಾ ಅಂದು ದಾರ ಕೊಯ್ದು ಕಿಸೆಗಿಟ್ಟ. ಐದು ಗುಂಡು ಹೊಡೆದ. ಐದೂ ಕರಿ ಬೊಟ್ಟಿನಲ್ಲಿದ್ದವು.

ರೋಗ ಸಿಕ್ಕಿತು. ಆದರೆ ಗಂಟು ಬಿಗಿಯಾಯಿತು. ದಾರ ಇದ್ದರೆ ಈ ಬಂದೂಕು ಯಲಬುರ್ಗಾದಲ್ಲೂ ಬೊಟ್ಟಿಗೆ ಹೊಡೆಯದು, ಗಂಗಾವತಿಯಲ್ಲೂ ಹೊಡೆಯದು. ಹಾಗಾದರೆ ಇಲ್ಲಿ ಎರಡು ವರ್ಷ ಬಟ್ಟಲು ಗೆದ್ದದ್ದು ಹೇಗೆ? ಎರಡೂ ಊರಲ್ಲಿ ಬಂದೂಕು ಒಂದೇ, ಕೈ ಒಂದೇ. ಬೇರೆಯಾದದ್ದು ಬಾವುಟ ಎತ್ತುವವನು ಮಾತ್ರ.

* * *

ಠಾಣೆಗೆ ಬಂದಾಗ ಶಬ್ಬೀರಸಾಬ ಗೋಡೆಗೆ ಒರಗಿ ಕುಳಿತಿದ್ದ. ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡಿದ್ದ. ಮೂರು ಬೆರಳು ಬದನೆಕಾಯಿಯಂತೆ ಊದಿ ಅಡ್ಡಾದಿಡ್ಡಿ ತಿರುಗಿದ್ದವು.

"ಒಪ್ಪವಲ್ಲ ಸಾಹೇಬ್ರ" ಎಂದ ಜಮಾದಾರ, ಕೆಲಸ ಅರ್ಧಕ್ಕೆ ನಿಂತವನಂತೆ.

ಮಕ್ಬುಲಸಾಬ ಬೈಯಲು ಬಾಯಿ ತೆರೆದ. ಹೇಳಿ ಹೋದವನು ತಾನೇ ಎಂಬುದು ನೆನಪಾಯಿತು. ಜಮಾದಾರನನ್ನು ಹೊರಗೆ ಕಳಿಸಿ, ನಾಟಿ ವೈದ್ಯನಿಗೆ ಹೇಳಿಕಳಿಸಿ, ನೆಲದ ಮೇಲೆ ಶಬ್ಬೀರಸಾಬನೆದುರು ಕುಳಿತ.

"ಬಂದೂಕಿನಾಗ ಏನು ಮಾಡಿದ್ದಿ?"

"ಗುರಿ ಕಣ್ಣು ಸಡ್ಲಾಗಿತ್ತು, ಬಿಗಿ ಮಾಡ್ದೆ. ಅಷ್ಟ."

"ದಾರ?"

ಶಬ್ಬೀರಸಾಬ ತಲೆ ಎತ್ತಿದ. "ನಾ ಮುಟ್ಟಲಿಲ್ರಿ. ಅವರ ದೇವರದು. ದೇವೇಂದ್ರಪ್ಪನವರಿಗೆ ಬಾಯಿಲೆ ಹೇಳ್ದೆ. ದಾರ ಬಿಚ್ಚಿಬಿಡ್ರಿ, ಅದ ಕೊಳವೀನ ಒತ್ತಾಕ ಹತ್ತೈತಿ, ಬಿಚ್ಚಿದ್ರ ಬಂದೂಕು ಸೀದಾ ಆಕ್ಕೈತಿ ಅಂದೆ. ನಕ್ರು. ಇರ್ಲಿ ಬಿಡು ಅಂದ್ರು."

"ಇದನ್ನ ಜಮಾದಾರಗ ಯಾಕ ಹೇಳಲಿಲ್ಲ?"

"ಅವರು ಬಂದೂಕಿನ ಸುದ್ದೀನ ಕೇಳಲಿಲ್ಲ. ತಪ್ಪು ಒಪ್ಕೋತಿ ಇಲ್ಲೋ, ಅದೊಂದ ಕೇಳಿದ್ರು."

ಅಮೀನ ಎದ್ದ. ಹೊರಗೆ ಕಟ್ಟೆಯ ಮೇಲಿದ್ದ ಮೆಹಬೂಬಬೀಯ ಕಡೆ ನೋಡದೆ ದಾಟಿ ಹೋದ.

* * *

ವಿರುಪಣ್ಣನ ಮನೆ ಊರ ತುದಿಯಲ್ಲಿ ಒಂದು ಗುಡಿಸಲು. ಹೆಂಡತಿ ಯಮನೂರಮ್ಮ ಬಾಗಿಲಲ್ಲಿ ಕುಳಿತಿದ್ದಳು. ಅತ್ತು ಅತ್ತು ಧ್ವನಿ ಒಡೆದಿತ್ತು. ಒಳಗೆ ಮೂಲೆಯಲ್ಲಿ ಪೂಜೆಯ ಮಣೆ ಇನ್ನೂ ಹಾಗೇ ಇತ್ತು. ಅದರ ಮೇಲೆ ಕುಡುಗೋಲು, ಸಲಿಕೆ. ಪಕ್ಕದಲ್ಲಿ ವಿಭೂತಿ ಬಳಿದ ಒಂದು ಖಾಲಿ ಜಾಗ.

"ಅಲ್ಲೇನಿತ್ತವ್ವಾ?"

"ಅವನ ಬಾವುಟ್ರಿ. ಹಿಂದ ಯಾವ ವರ್ಷಾನೂ ಇಟ್ಟಿರಲಿಲ್ಲ. ಒಕ್ಕಲಿಗರು ಕೂರಿಗಿ ಇಡ್ತಾರ, ಕುಂಬಾರ ತಿಗರಿ ಇಡ್ತಾನ, ನೀನೂ ನಿನ್ನ ಬಾವುಟ ಇಡು ಅಂತ ನಾನ ಅಂದೆ." ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಪೂಜಿ ಆದಾಗಿಂದ ಉಣವಲ್ಲ, ಮಲಗವಲ್ಲ. ಏನಾತೋ ಅಂದ್ರ, ಪೂಜಿ ಮಾಡಿದ ಬಾವುಟದಿಂದ ಇನ್ನ ಸುಳ್ಳು ಹೇಳಾಕ ಆಗೂದಿಲ್ಲ ಅಂದ."

"ಏನು ಸುಳ್ಳು?"

"ದೇವೇಂದ್ರಪ್ಪ ಸಾವಕಾರ್ರು ಹೇಳಿದಂಗ, ಅವರ ಗುಂಡು ಎಲ್ಲಿ ಬಿದ್ರೂ ಕೆಂಪು ಎತ್ತತಿದ್ನಂತ್ರಿ, ಎರಡು ವರ್ಷ. ದಶಮಿ ಸಂಜಿಕಿ ಬನ್ನಿ ಕೊಡಾಕ ಹೋದಾಗ ಹೇಳಿ ಬಂದ. ಈ ಸಲ ಖರೇನ ಎತ್ತತೀನಿ, ಬಟ್ಟಲ ಕೊಡೂ ಮುಂದ ಹಿಂದಿಂದೂ ಜನದ ಮುಂದ ಹೇಳ್ತೀನಿ ಅಂದ್ನಂತ."

"ದೇವೇಂದ್ರಪ್ಪ ಏನಂದ?"

"ಛಲೋ ಆತು ಬಿಡೋ, ನನಗೂ ಭಾರ ಇಳೀತು ಅಂದು ಬನ್ನಿ ತಗೊಂಡ್ರಂತ. ಇವ ಬಂದು ಹೊಟ್ಟಿ ತುಂಬ ಉಂಡ, ಅವತ್ತೊಂದಿನ."

* * *

ದೊಡ್ಡ ಮನೆಯ ಪಡಸಾಲೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಇದ್ದರು. ಅವರ ತಾಯಿ ಪಂಪಮ್ಮ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದಳು. ಗಂಡ ಸತ್ತು ಇಪ್ಪತ್ತು ವರ್ಷವಾಗಿದ್ದ ಮುದುಕಿ. ಮಕ್ಬುಲಸಾಬ ಕುಳಿತು ನೀರು ಕುಡಿದು, ಕಿಸೆಯಿಂದ ದಾರ ತೆಗೆದು ಮುಂದಿಟ್ಟ. ದಾರ ಹೊಚ್ಚ ಹೊಸದು, ಕಡು ಹಳದಿ.

"ಬಂದೂಕಿಂದು. ಇದನ್ನ ಯಾರು ಕಟ್ಟಿದ್ರು?"

ದೇವೇಂದ್ರಪ್ಪನಿಗೆ ಮಾತಿನಲ್ಲಿ ಮುಗ್ಗರಿಕೆಯೇ ಇರಲಿಲ್ಲ. "ನಮ್ಮತ್ತಿಗಿ ಗುರುಲಿಂಗಮ್ಮ. ಮುತ್ತೈದಿ ಕೈಲೇನ ಕಟ್ಟಬೇಕು. ನವಮಿ ದಿವಸ ಹಳೇದು ತಗದು ಹೊಸಾದು ಕಟ್ತಾಳ. ಪ್ರತಿ ವರ್ಷದ ಪದ್ಧತಿ."

"ಈ ವರ್ಷ ಎಲ್ಲಿ ಕಟ್ಯಾಳ?" ಎಂದಳು ಪಂಪಮ್ಮ, ಬತ್ತಿಯಿಂದ ಕಣ್ಣು ತೆಗೆಯದೆ. "ಆಕಿ ತಂಗಿ ಹಡದಾಳಂತ ತಳಕಲ್ಲಿಗೆ ಹೋಗಿದ್ಲು. ಬಂದಿದ್ದು ದಶಮಿ ಮುಂಜಾನಿ. ನೀನೂ ಅವತ್ತ ಮಧ್ಯಾಹ್ನ ಗಂಗಾವತಿಯಿಂದ ಬಂದಿ, ನಿನಗೇನು ಗೊತ್ತು? ನಾ ಕಟ್ಟಾಂಗಿಲ್ಲ. ಹಳೇ ದಾರದ ಮ್ಯಾಲೇನ ಪೂಜಿ ಆತು."

ಪಂಪಮ್ಮ ತಲೆಯೆತ್ತಿ ಮೊದಲು ದಾರ ನೋಡಿದಳು, ಆಮೇಲೆ ಮಗನನ್ನು.

"ಹಳೇದು ಎಲ್ಲಿ ಹೋತು ದೇವೇಂದ್ರಪ್ಪ?" ಎಂದ ಅಮೀನ.

"ನನಗೇನು ಗೊತ್ರಿ."

"ಹಂಗಾರ ನಾ ಹೇಳ್ತೀನಿ." ಮಕ್ಬುಲಸಾಬನ ಧ್ವನಿ ಏರಲಿಲ್ಲ. "ದಾರ ಇದ್ರ ಬಂದೂಕು ಬಲಕ್ಕ ಕೆಳಗ ಹೊಡೀತೈತಿ, ಯಾವಾಗ್ಲೂ. ವಿರುಪಣ್ಣ ಕುಂತಿದ್ದು ಎಡಕ್ಕ. ದಾರ ಇದ್ದ ಬಂದೂಕಿನ ಗುಂಡು ತಪ್ಪಿಯೂ ಅಲ್ಲಿಗೆ ಹೋಗೂದಿಲ್ಲ. ಅವತ್ತ ಮೊದಲಿನ ನಾಲ್ಕು ಗುಂಡು ನಾಲ್ಕು ಮೂಲೀಗೆ ಬಿದ್ವು. ಬಂದೂಕು ತಪ್ಪಿದ್ರ ಒಂದ ಕಡೆ ತಪ್ಪತೈತಿ. ನಾಲ್ಕೂ ಕಡೆ ತಪ್ಪಿಸಿದಾವ ಮನಷ್ಯಾ. ಹುಚ್ಚು ಹಿಡದೈತಿ ಅಂತ ಜನಕ್ಕ ತೋರಸಾಕ."

"ದಾರ ಇತ್ರಿ ಅವತ್ತ. ಎಲ್ಲಾರೂ ನೋಡ್ಯಾರ."

"ಯಾರೂ ನೋಡಿಲ್ಲ. ಬಂದೂಕಿನ ಮುಂದುಗಡೆ ಬಿಳೀ ವಸ್ತ್ರ ಸುತ್ತಿದ್ದಿ. ಕೈ ಬೆವರತೈತಿ ಅಂತ ನಾನೂ ತಿಳಕೊಂಡೆ. ದಾರ ಕೊಯ್ದ ಜಾಗ ಅದರ ಕೆಳಗಿತ್ತು. ಐದನೇ ಗುಂಡಿಗೆ ಬಂದೂಕು ಸೀದಾ ಇತ್ತು, ನಿನ್ನ ಕೈಯೂ ಸೀದಾ ಇತ್ತು. ಕಿಂಡಿಯಿಂದ ಅವ ನಿನ್ನ ಮಾರಿ ನೋಡಾಕ ಹತ್ತಿದ್ದ, ಬಂದೂಕು ಇಳಿಸ್ತಾನಂತ."

ಕೊಟ್ರಬಸಪ್ಪ ಎದ್ದು ನಿಂತ. ಅಮೀನ ಅವನ ಕಡೆ ತಿರುಗಲಿಲ್ಲ.

"ಮನೀಗೆ ಬಂದು ಹೊಸಾ ದಾರಕ್ಕ ಅರಿಶಿನ ಹಚ್ಚಿ ಕಟ್ಟಿದಿ. ಬಂದೂಕು ಮತ್ತ ಕೆಡಬೇಕಲ್ಲ, ಪೊಲೀಸರು ಹೊಡದು ನೋಡ್ತಾರಂತ. ನವಮಿಗೆ ಅತ್ತಿಗಿ ಹೊಸಾದು ಕಟ್ಟಿರ್ತಾಳ ಅಂತ ತಿಳಕೊಂಡಿ. ಹಸೀ ಅರಿಶಿನ ನಿನ್ನ ಬೆರಳಿಗಿತ್ತು. ನನ್ನ ಮುಂದ ಅತ್ತಾಗ ಕಣ್ಣಿಗೂ ಹತ್ತಿತು."

"ನಾ ಯಾಕ ಕೊಲ್ಲಲಿ ಅವನ್ನ? ನಿಶಾನಿ ಎತ್ತಾವನ್ನ?"

"ಜಾಗೀರಿನ ಶಿಕಾರಖಾನೆಗೆ ದಾರೋಗಾ ನೌಕರಿ. ಮೂರನೇ ಬಟ್ಟಲ ಬಂದ್ರ ಅದು ನಿಂದ ಅಂತ ಊರೆಲ್ಲ ಗೊತ್ತೈತಿ. ವಿರುಪಣ್ಣ ಬಾಯಿ ಬಿಟ್ಟಿದ್ರ ನೌಕರಿ ಹೋಗ್ತಿತ್ತು, ಹಿಂದಿನ ಎರಡು ಬಟ್ಟಲದ ಮಾನಾನೂ ಹೋಗ್ತಿತ್ತು. ಬಂದೂಕಿನ ರೋಗ ಏನು ಅಂತ ಶಬ್ಬೀರಸಾಬ ನಿನಗ ಹೇಳಿದ್ದ. ಆ ಮದ್ದಿನಿಂದ ಕೊಂದಿ. ತಪ್ಪು ಅವನ ತಲೀಗೇ ಕಟ್ಟಿದಿ."

ಕುಣಿಯಲಾರದವಳು ಅಂಗಳ ಡೊಂಕು ಅಂದರೆ ನಗಬಹುದು. ಇವನು ಅಂಗಳ ನೆಟ್ಟಗೆ ಮಾಡಿಕೊಂಡು ಕುಣಿದು, ಆಮೇಲೆ ಮತ್ತೆ ಡೊಂಕು ಮಾಡಿಟ್ಟಿದ್ದ.

ಕೊಟ್ರಬಸಪ್ಪ ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. "ಅವ್ವಾ, ನಿನಗ ಮರತಿರಬೇಕು. ದಾರ ನೀನ ಕಟ್ಟಿದ್ದಿ. ಹೌದಿಲ್ಲೋ? ಹೌದು ಅನ್ನು."

ಒಂದು ಮಾತು. ಆ ಮುದುಕಿ ಹೂಂ ಅಂದರೆ ಮೊಕದ್ದಮೆ ನಿಲ್ಲದು ಎಂಬುದು ಮಕ್ಬುಲಸಾಬನಿಗೂ ಗೊತ್ತಿತ್ತು.

ಪಂಪಮ್ಮ ಹೊಸೆದ ಬತ್ತಿಗಳನ್ನು ತಟ್ಟೆಗೆ ಹಾಕಿದಳು.

"ಗಂಡ ಸತ್ತಾಕಿ ಕೈ ದಾರಕ್ಕ ಹತ್ತಬಾರದು ಅಂತ ಇಪ್ಪತ್ತು ವರ್ಷ ನೀವ ಹೇಳೀರಿ. ಪೂಜಿ ಮುಂದ ನನ್ನ ಆ ಕಂಬದಾಚೆ ನಿಂದ್ರಸೀರಿ. ಇವತ್ತ ಕಟ್ಟಿದ್ದೆ ಅಂದ್ರ ಯಾರು ನಂಬತಾರ? ನೀನರ ನಂಬತೀಯಾ?"

ದೇವೇಂದ್ರಪ್ಪ ಅಲ್ಲಿಯೇ ನೆಲದ ಮೇಲೆ ಕುಸಿದ. "ಬಿಳೀ ಬಾವುಟಾನ ನಾಲ್ಕು ಸಲ ಎತ್ತಿದ ಅವ" ಎಂದ, ಯಾರಿಗೂ ಅಲ್ಲ. "ಜನ ನಕ್ರು. ಎತ್ತಿದಾಗೊಮ್ಮೆ ನಕ್ರು."

* * *

ಮರುದಿನ ದೇವೇಂದ್ರಪ್ಪನನ್ನು ಕೊಪ್ಪಳಕ್ಕೆ ಸಾಗಿಸಿದರು. ಅಮೀನಸಾಬರು ಭಾಳ ಶಾಣ್ಯಾ ಎಂದು ಊರು ಕೊಂಡಾಡಿತು. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಎದ್ದು ಹೋಗಬೇಕೆನಿಸುತ್ತಿತ್ತು.

ಶಬ್ಬೀರಸಾಬನ ಕೋಣೆಯ ಬೀಗ ಅವನೇ ತೆಗೆದ. ವೈದ್ಯ ಬೆರಳಿಗೆ ಬಿದಿರ ಕಡ್ಡಿ ಇಟ್ಟು ಬಟ್ಟೆ ಕಟ್ಟಿದ್ದ. ಕೂಡುತ್ತವೆ, ಆದರೆ ಮಡಿಸಲು ಬರುವುದಿಲ್ಲ ಎಂದಿದ್ದ.

ಜಮಾದಾರ ಪಿಸುಗುಟ್ಟಿದ. "ಕಟ್ಟೀ ಮ್ಯಾಲಿಂದ ಬಿದ್ದ ಅಂತ ಬರಕೊಳ್ಳೂಣೇನ್ರಿ?"

"ಕೋಣ್ಯಾಗ ಕಟ್ಟಿ ಎಲ್ಲೈತಿ?" ಎಂದ ಮಕ್ಬುಲಸಾಬ. "ನೀ ಮುರದಿ, ನಾ ಹೇಳಿದ್ದೆ ಅಂತ ಬರಿ."

ಜಮಾದಾರ ಬರೆಯಲಿಲ್ಲ. ಅಮೀನ ತಾನೇ ಬರೆದು ಕೊಪ್ಪಳಕ್ಕೆ ಕಳಿಸಿದ. ಅದಕ್ಕೆ ಅಲ್ಲಿಂದ ಉತ್ತರವೇ ಬರಲಿಲ್ಲ.

ಬೇವಿನ ಕಟ್ಟೆಯಿಂದ ಮೆಹಬೂಬಬೀ ಎದ್ದು ಬಂದಳು. ಮಗನ ಕೈ ನೋಡಿದಳು. ಅಳಲಿಲ್ಲ.

"ನಿನ್ನ ಮಗಂದು ಏನೂ ತಪ್ಪಿಲ್ಲವ್ವಾ" ಎಂದ ಮಕ್ಬುಲಸಾಬ. "ಖರೆ ಏನಂತ ಗೊತ್ತಾತು. ಬಂದೂಕು ಛಲೋ ರಿಪೇರಿ ಮಾಡಿದ್ದ."

"ಅದನ್ನ ನಾ ಬಂದ ದಿವಸ ಹೇಳಿದ್ನಲ್ರಿ" ಎಂದಳು ಅವಳು. "ಬಂದೂಕಿನ ದಾರ ಬಿಚ್ಚಿ ನೋಡಾಕ ನಿಮಗ ಪುರುಸೊತ್ತಿತ್ತು. ಇವನ್ನ ಒಂದು ಮಾತು ಕೇಳಾಕ ಇರಲಿಲ್ಲ."

ಅಮೀನ ಮೇಜಿನ ಮೇಲಿದ್ದ ಪರವಾನಗಿಯ ಕಾಗದ ತೆಗೆದು ಶಬ್ಬೀರಸಾಬನ ಮುಂದೆ ಹಿಡಿದ. ಅದು ರದ್ದಾಗದಂತೆ ಅವನು ನೋಡಿಕೊಂಡಿದ್ದ. ಇಷ್ಟಾದರೂ ಉಳಿಸಿದೆ ಎಂದುಕೊಂಡಿದ್ದ.

ಶಬ್ಬೀರಸಾಬ ರೂಢಿಯಂತೆ ಬಲಗೈ ಚಾಚಿದ. ಕಡ್ಡಿ ಕಟ್ಟಿದ ಬೆರಳು ಕಾಗದಕ್ಕೆ ತಾಗಿದವು, ಹಿಡಿಯಲಿಲ್ಲ. ಕಾಗದ ನೆಲಕ್ಕೆ ಬಿತ್ತು. ಮೆಹಬೂಬಬೀ ಬಾಗಿ ಅದನ್ನೆತ್ತಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಾಯಿ ಮಗ ಇಬ್ಬರೂ ಗಂಗಾವತಿಯ ದಾರಿ ಹಿಡಿದರು.